ರಾಶಿಗೊಂದು ಬುಟ್ಟಿ

ಕಾಲೇಜಿನ ಚರ್ಚಾ ತಂಡದಲ್ಲಿ ನನಗೆ ಮೊಟ್ಟಮೊದಲು ಕಲಿಸಿದ್ದು ಒಂದು ಪ್ರಶ್ನೆ: ಇದರಿಂದ ಲಾಭ ಯಾರಿಗೆ? ಎದುರಿನವರು ಏನೇ ಹೇಳಲಿ, ಅದನ್ನು ಮನಸ್ಸಿನಲ್ಲೇ ಒಮ್ಮೆ ಕೇಳಿಕೊಂಡರೆ ಅರ್ಧ ವಾದ ಗೆದ್ದ ಹಾಗೆ. ಮೂರು ವರ್ಷ ಈ ಪ್ರಶ್ನೆಯನ್ನು ಹೊತ್ತುಕೊಂಡು ಊರೂರು ಅಲೆದೆ, ಕಪ್ಪುಗಳನ್ನು ಗೆದ್ದು ತಂದೆ. ಹುಬ್ಬಳ್ಳಿ ಬೆಂಗೇರಿಯ ನಮ್ಮ ಮನೆಯ ಶೋಕೇಸಿನಲ್ಲಿ ಅವು ಇನ್ನೂ ಇವೆ. ಎಲ್ಲಕ್ಕಿಂತ ದೊಡ್ಡ ಕಪ್ಪಿನಲ್ಲಿ ಅಪ್ಪ, ನಮ್ಮ ಮನೆಮಾತಿನಲ್ಲಿ ಅಬ್ಬಾ, ತಮ್ಮ ಗ್ಯಾರೇಜಿನ ಹಳೆಯ ಸ್ಪಾರ್ಕ್ ಪ್ಲಗ್‌ಗಳನ್ನು ಹಾಕಿಟ್ಟಿದ್ದಾರೆ.

ಡಿಗ್ರಿ ಮುಗಿದ ಮೇಲೆ ಧಾರವಾಡದ ಒಂದು ಕೃಷಿ ಸಂಶೋಧನಾ ಯೋಜನೆಯಲ್ಲಿ ಲೆಕ್ಕ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಮಳೆ ಹೇಗೆಂದರೆ ಹಾಗೆ ಕೈಕೊಡುವ ಈ ಕಾಲದಲ್ಲಿ ಯಾವ ಬಿತ್ತನೆ ತಾಳಿಕೊಳ್ಳುತ್ತದೆ ಎಂದು ನೋಡುವುದು ಆ ಯೋಜನೆಯ ಉದ್ದೇಶ. ಅಮ್ಮಿನಬಾವಿಯ ಆಚೆ ಎರೆ ಹೊಲವೊಂದನ್ನು ಚಿಕ್ಕ ಚಿಕ್ಕ ತಾಕುಗಳಾಗಿ ಹಂಚಿದ್ದರು. ಕೆಲವು ತಾಕುಗಳಲ್ಲಿ ಬರೀ ಕಡಲೆ. ಇನ್ನು ಕೆಲವುಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಮೂರನ್ನೂ ಸಾಲು ಬಿಟ್ಟು ಸಾಲು ಬಿತ್ತಿದ್ದರು. ಒಂದು ಹೋದರೆ ಇನ್ನೊಂದು ನಿಲ್ಲಲಿ ಎಂದು. ಹೊಲದ ಬದುವಿನ ಮೇಲೆ ‘ಸುಸ್ಥಿರ ಬೆಳೆ ಪದ್ಧತಿ’ ಎಂಬ ಬೋರ್ಡು.

ನನ್ನ ಅನುಮಾನ ಆ ಬೋರ್ಡಿನಿಂದಲೇ ಶುರುವಾಯಿತು. ಸುಸ್ಥಿರ ಬೇಡ, ಅಸ್ಥಿರವೇ ಇರಲಿ ಎನ್ನುವವರನ್ನು ಯಾರಾದರೂ ಕಂಡಿದ್ದಾರೆಯೇ? ಎದುರಾಳಿಯೇ ಇಲ್ಲದ ಪದ ಅದು. ಎದುರಾಳಿ ಇಲ್ಲದ ಪದದ ಪರವಾಗಿ ವೇದಿಕೆ ಹತ್ತಲು ನನಗೆ ನಾಚಿಕೆ. ತೀರ್ಪನ್ನು ಮೊದಲೇ ಬರೆದಿಟ್ಟು ಆಮೇಲೆ ಬಿತ್ತಿದ್ದಾರೆ ಅನ್ನಿಸಿತು. ಮೊದಲ ವಾರವೇ ಯೋಜನೆಯ ಮುಖ್ಯ ವಿಜ್ಞಾನಿಯನ್ನು ನೇರ ಕೇಳಿಬಿಟ್ಟೆ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು.

“ಮೇಡಂ, ಮೂರು ಬೆಳಿ ಹಾಕಿದ ತಾಕು ಸೋತ್ರ ಅದನ್ನೂ ಬರೀತೀರೇನ್ರಿ?”

ಅವರು ಕನ್ನಡಕ ಒರೆಸುತ್ತಾ ಹೇಳಿದರು: “ಬರೀತೇನಿ. ಮದ್ಲ ಅದಕ್ಕ ಸೋಲಾಕರ ಬಿಡು.”

ಹೊಲದಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವರು ಕಾಕಾ. ಮೇಡಂ ಬರುವುದಕ್ಕೂ ಮೊದಲಿನಿಂದ ಅಲ್ಲೇ ಇದ್ದವರು, ಆದರೆ ದಿನಗೂಲಿ. ಪ್ರತಿ ಹಂಗಾಮಿಗೂ ಅವರ ಹೆಸರನ್ನು ಹೊಸದಾಗಿ ಬರೆದು ಮೇಲಿನ ಕಚೇರಿಗೆ ಕಳಿಸಬೇಕು; ಪಟ್ಟಿಯಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ನಾನು ಹೋದ ದಿನವೇ ನನ್ನನ್ನು ತಂಗಿ ಎಂದು ಕರೆದರು.

“ಬಾ ತಂಗಿ, ಕುಂದರು. ಬೂಟು ಅಲ್ಲೇ ಬಿಟ್ಟ ಬಾ, ರಾಶಿ ಐತಿ.”

ಕಾಳಿನ ರಾಶಿಯ ಹತ್ತಿರ ಕಾಲಲ್ಲಿ ಏನೂ ಮೆಟ್ಟಿಕೊಂಡು ಹೋಗಬಾರದಂತೆ. ಕುಸುಬೆ ಕೊಯ್ದ ಹೊಲವೆಂದರೆ ಹೆಜ್ಜೆಗೊಂದು ಮುಳ್ಳು. ನಂಬಿಕೆಯಿಲ್ಲದ ನಿಯಮಕ್ಕೆ ನನ್ನ ಅಂಗಾಲನ್ನೇಕೆ ಕೊಡಲಿ? ಬೂಟು ಬಿಚ್ಚಲಿಲ್ಲ. ಕಣದ ಆಚೆ ಬೇವಿನ ಮರದ ಕೆಳಗೆ ಕೂತು ಬರೆದುಕೊಳ್ಳುತ್ತೇನೆ ಎಂದೆ. ಕಾಕಾ ನನ್ನ ಬೂಟು ನೋಡಿದರು, ಮುಖ ನೋಡಿದರು, “ನಿನ್ನ ಖುಷಿ” ಎಂದರು.

ಕೆಲಸದ ರೀತಿ ಸರಳ. ಒಂದು ತಾಕಿನಲ್ಲಿ ಬೆಳೆದ ಒಂದೊಂದು ಬೆಳೆಗೂ ಬೇರೆ ರಾಶಿ. ಮೂರು ಗಳ ಕಟ್ಟಿ ಅದರಿಂದ ಮುಳ್ಳಿನ ತಕ್ಕಡಿ ಇಳಿಬಿಟ್ಟಿರುತ್ತಾರೆ. ಬುಟ್ಟಿಯನ್ನು ಅದಕ್ಕೆ ತೂಗುಹಾಕಿ, ಮುಳ್ಳು ಹತ್ತು ಕಿಲೋಗೆ ಬರುವವರೆಗೆ ಕಾಳು ತುಂಬಿ, ಚೀಲಕ್ಕೆ ಸುರಿಯಬೇಕು. ಕಾಕಾ ಬುಟ್ಟಿ ಎಣಿಸಿ ಕೂಗುತ್ತಾರೆ. ಕೂಗಿಗೊಂದರಂತೆ ನಾನು ನನ್ನ ಪುಸ್ತಕದಲ್ಲಿ ಗೆರೆ ಎಳೆಯುತ್ತೇನೆ. ಸಂಜೆ ಅವರು ತಮ್ಮ ಪುಸ್ತಕದಲ್ಲಿ ಬರೆಯುತ್ತಾರೆ. ಎರಡು ಪುಸ್ತಕ ಇರಲಿ, ತಾಳೆ ನೋಡಬಹುದು ಎಂಬುದು ಮೇಡಂ ಅವರ ಕಟ್ಟುನಿಟ್ಟು.

ಮೊದಲ ರಾಶಿ ಕಡಲೆಯದು. ಕಾಕಾ ಮೊದಲ ಬುಟ್ಟಿ ತುಂಬಿ, ಹಣೆಗೆ ಮುಟ್ಟಿಸಿಕೊಂಡು, ರಾಶಿಯ ಕಡೆ ಬಾಗಿ, “ಲಾಭ” ಎಂದು ಉದ್ದಕ್ಕೆ ಕೂಗಿದರು. ಒಂದು ಹಿಡಿ ಕಾಳನ್ನು ಮರಳಿ ರಾಶಿಯ ಮೇಲೆ ಚೆಲ್ಲಿದ್ದು ಕಾಣಿಸಿತು. ಆಮೇಲೆ ಅವರ ಬೆನ್ನಷ್ಟೇ ನನಗೆ. ಪೂಜೆ ಇರಬೇಕು, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಕುಂಕುಮದಲ್ಲಿ ಬರೆದಿರುತ್ತಾರಲ್ಲ, ಶುಭ ಲಾಭ, ಅದೇ ಇದು ಎಂದುಕೊಂಡು ಪೆನ್ನು ಹಿಡಿದು ಕಾದೆ.

“ಎರಡು” ಎಂದರು ಕಾಕಾ.

ಒಂದು ಎಲ್ಲಿ? ಬೇವಿನ ಮರದ ಕೆಳಗೆ ನನ್ನ ಕಿವಿ ನೆಟ್ಟಗಾಯಿತು. ಅಲ್ಲಿಂದ ಮುಂದಕ್ಕೆ ಸರಿಯಾಗಿಯೇ ಎಣಿಸಿದರು. ಹನ್ನೆರಡು ಎಂದು ನಿಲ್ಲಿಸಿದಾಗ ನನ್ನ ಪುಸ್ತಕದಲ್ಲಿ ಹನ್ನೊಂದು ಗೆರೆ.

ಕೇಳಬಹುದಿತ್ತು. ಹದಿನೈದು ಹೆಜ್ಜೆ ದೂರ ಅಷ್ಟೇ. ಆದರೆ ಚರ್ಚೆಯಲ್ಲಿ ಪಳಗಿದವರು ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳುವುದಿಲ್ಲ. ಕೇಳಿದರೆ ಅವನಿಗೆ ತಯಾರಿಗೆ ಸಮಯ ಕೊಟ್ಟಂತೆ. ನಾನು ಸುಮ್ಮನೆ ಗೆರೆ ಎಳೆಯುತ್ತಾ ಮೂರು ದಿನ ನೋಡಿದೆ. ಪ್ರತಿ ರಾಶಿಯಲ್ಲೂ ಅದೇ. ಮೊದಲ ಬುಟ್ಟಿ ದೇವರಿಗೆ, ಅದು ಮರಳಿ ರಾಶಿಗೆ. ಎಣಿಕೆ ಮಾತ್ರ ಎರಡರಿಂದ. ಅಂದರೆ ರಾಶಿಗೊಂದು ಬುಟ್ಟಿ ಇಲ್ಲದ ಕಾಳು ಪುಸ್ತಕ ಸೇರುತ್ತಿದೆ.

ಇದರಿಂದ ಲಾಭ ಯಾರಿಗೆ? ಲೆಕ್ಕ ಹಾಕಿದೆ. ಬರೀ ಕಡಲೆಯ ತಾಕಿಗೆ ಒಂದೇ ರಾಶಿ, ಆದ್ದರಿಂದ ಸುಳ್ಳು ಬುಟ್ಟಿಯೂ ಒಂದೇ. ಮೂರು ಬೆಳೆಯ ತಾಕಿಗೆ ಮೂರು ರಾಶಿ, ಸುಳ್ಳು ಬುಟ್ಟಿ ಮೂರು. ಬೋರ್ಡಿನ ಮೇಲಿನ ಪದ ಯಾವುದನ್ನು ಗೆಲ್ಲಿಸಬೇಕೆಂದಿತ್ತೋ ಅದಕ್ಕೇ ಮೂರು ಪಟ್ಟು ದಾನ!

ಉದ್ದೇಶವೊಂದು ಬೇಕಿತ್ತು. ಅದೂ ಸಿಕ್ಕಿತು. ಊಟದ ಹೊತ್ತಿಗೆ ಕಾಕಾ ರೊಟ್ಟಿ ಗಂಟು ಬಿಚ್ಚಿ ನನ್ನ ಕೈಗೂ ಒಂದು ಕೊಟ್ಟಾಗ ಏನೂ ಅರಿಯದವಳಂತೆ ಕೇಳಿದೆ: “ಕಾಕಾ, ಮೂರು ಬೆಳಿ ತಾಕು ಗೆಲ್ಲತೈತಿ ಅಂತೀರೇನ್ರಿ?”

“ಗೆಲ್ಲಬೇಕು ತಂಗಿ. ನಮ್ಮಪ್ಪ ಹಿಂಗ ಬಿತ್ತತಿದ್ದ, ಅವರಪ್ಪನೂ ಹಿಂಗ. ಇವರು ಈಗ ಬೋರ್ಡ ಹಚ್ಚ್ಯಾರ.” ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಅರ್ಧ ನನಗೆ ಚಾಚಿದರು. “ಯಾಕ, ಸೋಲಲಿ ಅಂತೀಯೇನು ನೀ?”

‘ಗೆಲ್ಲಬೇಕು.’ ಆ ಪದವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಅವರ ರೊಟ್ಟಿಯನ್ನೂ ತಿಂದೆ.

ಶುಕ್ರವಾರ ಮೇಡಂ ಅವರ ಕೈಗೆ ಎರಡು ಪುಟದ ಪತ್ರ ಕೊಟ್ಟೆ. ಕೊನೆಯ ಸಾಲು, ನನಗೆ ಬಹಳ ಇಷ್ಟವಾಗಿದ್ದು, ‘ಇದರಿಂದ ಲಾಭ ಯಾರಿಗೆ ಎಂಬುದನ್ನು ತಾವೇ ಯೋಚಿಸಬೇಕು’ ಎಂದಿತ್ತು. ಅವರು ನಿಧಾನವಾಗಿ ಓದಿದರು.

“ಕಾಕಾ ಹಂಗ ಮಾಡೋರಲ್ಲ.”

“ಅದು ನಿಮ್ಮ ಅಭಿಪ್ರಾಯ ಆತ್ರಿ ಮೇಡಂ. ನನ್ನ ಕಡೆ ಗೆರಿ ಅದಾವು.”

ಅವರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರು. ರಾಶಿ ರಾಶಿಗೂ ಒಂದರ ಅಂತರ. ಮುಖ ಸಪ್ಪಗಾಯಿತು. “ಚೀಲ ಎಲ್ಲಾ ಸೋಮವಾರ ಮುಂಜಾನೆ ಗೋದಾಮಿಗೆ ಬರ್ತಾವ, ತೂಗಿ ನೋಡೂಣು. ಹೊಸಾ ಹಂಗಾಮಿನ ಪಟ್ಟಿನೂ ಅವತ್ತ ಹೋಗಬೇಕು. ನೀ ಬರದದ್ದು ಖರೇ ಆದ್ರ ಕಾಕಾನ ಹೆಸರು ಹಾಕಾಕ ನನ್ನ ಕಡಿಂದ ಆಗಂಗಿಲ್ಲ. ಗೊತ್ತೈತಿಲ್ಲೊ?”

“ಗೊತ್ತೈತ್ರಿ” ಎಂದೆ. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರುವಾಗ ಕಪ್ಪು ಗೆದ್ದು ಬರುವಾಗಿನ ಹಾಗೆಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಭಾನುವಾರ ನಮ್ಮ ಮನೆಯಲ್ಲಿ ನೆಂಟರ ಊಟ. ದಾದಿ, ಅಂದರೆ ಅಬ್ಬಾನ ಅಮ್ಮ, ಅಂಗಳದಲ್ಲಿ ಕೂತು ಬಿರಿಯಾನಿಗೆ ಅಕ್ಕಿ ಅಳೆಯುತ್ತಿದ್ದರು. ಅಳತೆ ಡಬ್ಬಿ ನನ್ನ ವಯಸ್ಸಿಗಿಂತ ಹಳೆಯದು. ನಾನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಸೋಮವಾರದ ಮಾತುಗಳನ್ನು ಟೈಪಿಸುತ್ತಿದ್ದೆ. ದಾದಿ ಮೊದಲ ಡಬ್ಬಿ ತುಂಬಿ, ಒಂದು ಚಿಟಿಕೆ ಅಕ್ಕಿಯನ್ನು ಮರಳಿ ಚೀಲಕ್ಕೆ ಹಾಕಿ, ಉಳಿದದ್ದನ್ನು ಪಾತ್ರೆಗೆ ಸುರಿದರು.

“ಬರ್ಕತ್” ಎಂದರು. ಆಮೇಲೆ, “ದೋ... ತೀನ್...”

ನನ್ನ ಬೆರಳು ನಿಂತಿತು. ದಾದಿ, ನೀವು ಎರಡರಿಂದ ಎಣಿಸಿದಿರಿ ಎಂದೆ. ದಾದಿ ನನ್ನನ್ನು ನೋಡಿದ ರೀತಿಯಲ್ಲಿ ನನ್ನ ಅಷ್ಟೂ ಕಪ್ಪುಗಳು ತುಕ್ಕು ಹಿಡಿದವು. “ಏಕ್ ಬೋಲೇ ತೋ ಏಕಿಚ್ ರೈತಾ” ಎಂದರು. ಒಂದು ಎಂದರೆ ಅದು ಒಂದೇ ಆಗಿ ಉಳಿದುಬಿಡುತ್ತದಂತೆ. ಬರ್ಕತ್ ಎಂದರೆ ಹೆಚ್ಚುತ್ತದಂತೆ. ಹಾಗಾದರೆ ಆ ಮೊದಲ ಡಬ್ಬಿ ಲೆಕ್ಕಕ್ಕೆ ಇದೆಯೋ ಇಲ್ಲವೋ? ಪಾತ್ರೆಯಲ್ಲಿ ಕಾಣುತ್ತಿಲ್ಲವೇ, ನಿನ್ನ ಕಣ್ಣು ಮೊಬೈಲಿನಲ್ಲಿದ್ದರೆ ಅಕ್ಕಿ ಏನು ಮಾಡಬೇಕು ಎಂದು ದಾದಿ ಗದರಿದರು.

ಇಪ್ಪತ್ತೆರಡು ವರ್ಷ ಈ ಮನೆಯಲ್ಲಿದ್ದೇನೆ. ಒಂದು ದಿನವೂ ದಾದಿ ಅಕ್ಕಿ ಅಳೆಯುವುದನ್ನು ಕೇಳಿಸಿಕೊಂಡಿರಲಿಲ್ಲ.

ಆದರೂ ಹೇಳುತ್ತೇನೆ, ಆ ಸಂಜೆ ನಾನು ನನ್ನ ವಾದವನ್ನು ಪೂರ್ತಿ ಬಿಡಲಿಲ್ಲ. ಬೆಂಗೇರಿಯ ದಾದಿಯ ಬರ್ಕತ್ತು ಅಮ್ಮಿನಬಾವಿಯ ಕಾಕಾನ ಲಾಭಕ್ಕೆ ಸಾಕ್ಷಿ ಆಗುವುದಿಲ್ಲ. ದಾದಿ ಸುರಿದದ್ದನ್ನು ಕಣ್ಣಾರೆ ಕಂಡೆ. ಕಾಕಾ ಚೀಲಕ್ಕೆ ಸುರಿದದ್ದನ್ನು ಕಂಡಿಲ್ಲ, ಬೆನ್ನು ಮಾತ್ರ ಕಂಡಿದ್ದೇನೆ. ಹಾಗೆ ಅಂದುಕೊಂಡ ಕೂಡಲೇ ಇನ್ನೊಂದು ಹೊಳೆಯಿತು. ಮರಳಿ ರಾಶಿಗೆ ಸುರಿದದ್ದನ್ನೂ ನಾನು ಕಂಡಿಲ್ಲ. ನಾನು ಕಂಡದ್ದು ಒಂದು ಹಿಡಿ. ಬುಟ್ಟಿಯ ಉಳಿದ ಕಾಳನ್ನೆಲ್ಲ ರಾಶಿಗೆ ಸುರಿದದ್ದು ನನ್ನ ಪತ್ರ.

ಸೋಮವಾರ ಗೋದಾಮಿನಲ್ಲಿ ಮೇಡಂ, ಕಾಕಾ, ನಾನು. ಪತ್ರ ಮೇಡಂ ಕೈಯಲ್ಲಿತ್ತು. ಅವರು ಅದನ್ನು ಕಾಕಾನಿಗೆ ಓದಿ ಹೇಳಿದ್ದರು ಎಂದು ಕಾಕಾ ನಿಂತ ರೀತಿಯಲ್ಲೇ ಗೊತ್ತಾಯಿತು. ಟೋಪಿ ಕೈಯಲ್ಲಿ, ಕಣ್ಣು ಚೀಲಗಳ ಮೇಲೆ.

“ನಂದೊಂದು ಪ್ರಶ್ನೆ ಐತ್ರಿ” ಎಂದೆ. ಉತ್ತರ ಗೊತ್ತಿಲ್ಲದೆ ಕೇಳಿದ ನನ್ನ ಮೊದಲ ಪ್ರಶ್ನೆ ಅದು. “ಕಾಕಾ, ಲಾಭ ಅಂದ್ರಲ್ಲಾ, ಆ ಬುಟ್ಟಿ ಎಲ್ಲಿ ಸುರುವಿದ್ರಿ?”

“ಚೀಲದಾಗ. ಮತ್ತೆಲ್ಲಿ ಸುರೀಲಿ, ನಿಮ್ಮ ಬೂಟಿನ್ಯಾಗ?”

ಮೇಡಂ ನಗಲಿಲ್ಲ. “ಮಾತು ಸಾಕು. ತೂಕಕ್ಕ ಹಚ್ರಿ” ಎಂದರು. ಮೊದಲು ಕಡಲೆ, ಆಮೇಲೆ ಮೂರು ಬೆಳೆಯ ತಾಕಿನ ಚೀಲಗಳು, ಒಂದೊಂದಾಗಿ ಎಲ್ಲವೂ. ನಾನೇ ಮುಳ್ಳು ಓದಿದೆ, ನಾನೇ ಬರೆದೆ. ದೇವರ ಹಿಡಿ ಕಾಳೊಂದು ಬಿಟ್ಟರೆ ಪ್ರತಿಯೊಂದೂ ಕಾಕಾನ ಪುಸ್ತಕಕ್ಕೆ ಹೊಂದಿತು. ನನ್ನದಕ್ಕೆ ಹೊಂದಿದ್ದು ಒಂದೂ ಇಲ್ಲ. ರಾಶಿಗೊಂದು ಬುಟ್ಟಿ ಕಾಳನ್ನು ನುಂಗಿದ್ದು ನನ್ನ ಗೆರೆಗಳು. ಮೂರು ಬೆಳೆಯ ತಾಕಿನಲ್ಲಿ ಮೂರು ಬುಟ್ಟಿ.

“ತಪ್ಪು ನಂದು ಕಾಕಾ” ಎಂದೆ.

ಕಾಕಾ ಟೋಪಿ ಹಾಕಿಕೊಂಡರು. “ಲಾಭ ಯಾರಿಗೆ ಅಂತ ಬರದೀರಂತ. ಯಾರಿಗರ ಇರಲಿ, ನಿಮ್ಮ ಪುಸ್ತಕಕ್ಕಂತೂ ಬರಲಿಲ್ಲ ನೋಡ್ರಿ ಮೇಡಮ್ಮಾರ.”

ಮೇಡಮ್ಮಾರ. ನನಗೇ ಅಂದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಬೇಕೆಂದರೆ ತಂಗಿ ಎನ್ನಬೇಕಾಗುತ್ತಿತ್ತು, ಅದಕ್ಕೇ ಬೈಯಲಿಲ್ಲವೇನೋ.

ಮೇಡಂ ಪಟ್ಟಿಗೆ ಸಹಿ ಹಾಕಿದರು, ಕಾಕಾನ ಹೆಸರೇ ಮೊದಲು. ಆದರೆ ಅಲ್ಲಿಗೆ ಏಳಲಿಲ್ಲ. ಕಪಾಟು ತೆಗೆದು ಹಳೆಯ ಪುಸ್ತಕಗಳನ್ನು ಇಳಿಸಿದರು. ನನಗಿಂತ ಮೊದಲು ನನ್ನ ಕೆಲಸದಲ್ಲಿದ್ದ ಒಬ್ಬರ ಕಾಲದ, ಕಾಕಾನ ಪುಸ್ತಕದಲ್ಲಿ, ಒಂದಿಡೀ ಹಂಗಾಮಿನುದ್ದಕ್ಕೂ, ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಒಂದೊಂದು ಕಡಿಮೆ ಬರೆದಿತ್ತು.

“ಇದೇನ್ರಿ ಕಾಕಾ?”

“ಆ ಸಾಹೇಬ್ರು ಇದ್ರಲ್ರಿ, ನಿನಗ ಎಣಸಾಕ ಬರಂಗಿಲ್ಲ ಅಂತ ಬೈದಿದ್ರು. ದೊಡ್ಡ ಸಾಲಿ ಕಲ್ತವರು, ನಾ ಏನ್ ಹೇಳ್ಲಿ.”

ಆ ವರ್ಷದ ವರದಿಯಲ್ಲಿ ಮೂರು ಬೆಳೆಯ ತಾಕು ಸ್ವಲ್ಪದರಲ್ಲಿ ಸೋತಿತ್ತು. ಚೀಲಗಳು ಯಾವಾಗಲೋ ಕರಗಿಹೋಗಿದ್ದವು, ಮರಳಿ ತೂಗಲು ಏನೂ ಉಳಿದಿರಲಿಲ್ಲ. ಮೇಡಂ ಕನ್ನಡಕ ತೆಗೆದರು. “ಸೋತದ್ದು ಬೆಳಿಯೋ, ಗೆರಿಯೋ? ಈಗ ಹೆಂಗ ಹೇಳೋದು?” ಎಂದರು. ನನ್ನ ಕಡೆ ನೋಡಲಿಲ್ಲ. ಆ ವರ್ಷದ ಲೆಕ್ಕವನ್ನು ಪಕ್ಕಕ್ಕಿಡಬೇಕೋ, ತಿದ್ದಬೇಕೋ ಎಂದು ಅವರು ಇನ್ನೂ ತೀರ್ಮಾನಿಸಿಲ್ಲ. ತಿದ್ದಿದರೆ ಗೆಲುವು ಬೋರ್ಡಿನ ಕಡೆಗೇ. ಹಾಗಾಗಿ ತಿದ್ದುಪಡಿಯ ಮೇಲೂ ನನಗೆ ಅನುಮಾನವಿದೆ. ಹಾಗೆಂದು ಅವರಿಗೆ ಹೇಳಿಯೂ ಇದ್ದೇನೆ.

ಮುಂದಿನ ಹಿಂಗಾರಿಯ ರಾಶಿಗೆ ನಾನು ಬೂಟು ಬದುವಿನ ಮೇಲೆ ಬಿಟ್ಟು ಕಣಕ್ಕೆ ಹೋದೆ. ಅಂಗಾಲಿಗೆ ಕುಸುಬೆಯ ಮುಳ್ಳು ಎರಡು ಕಡೆ ಚುಚ್ಚಿತು. ತೂಕದ ಮುಳ್ಳು ಕಾಣುವಷ್ಟು ಹತ್ತಿರ ಕೂತೆ. ಕಾಕಾ ಮೊದಲ ಬುಟ್ಟಿ ತುಂಬಿದರು, ಹಣೆಗೆ ಮುಟ್ಟಿಸಿದರು, “ಲಾಭ” ಎಂದರು, ಹಿಡಿ ಕಾಳು ರಾಶಿಗೆ ಚೆಲ್ಲಿ ಉಳಿದದ್ದನ್ನು ಚೀಲಕ್ಕೆ ಸುರಿದರು. ಎರಡನೆಯ ಬುಟ್ಟಿ ತುಂಬಿತು, ಮುಳ್ಳು ಹತ್ತಕ್ಕೆ ಬಂದು ನಿಂತಿತು. ಅವರು ಅದನ್ನು ಇಳಿಸಲಿಲ್ಲ.

“ಲಾಭಕ್ಕ ಗೆರಿ ಎಳದ್ರೇನ್ರಿ ಮೇಡಮ್ಮಾರ?”

“ಎಳದೇನ್ರಿ ಕಾಕಾ.”

“ತೋರಸ್ರಿ.”

ಪುಸ್ತಕ ಎತ್ತಿ ಹಿಡಿದೆ. ಕಾಕಾ ಕಣ್ಣಿನ ಧೂಳನ್ನು ತೋಳಿಗೆ ಒರೆಸಿಕೊಂಡು, ಬಾಗಿ, ಆ ಒಂದೇ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಬುಟ್ಟಿ ಇಳಿಸಿ ಚೀಲಕ್ಕೆ ಸುರಿದು, “ಎರಡು” ಎಂದರು.