ಕುಂಕುಮವಿಲ್ಲದ ಕರೆ

ಟೈಲರ್ ನಾಗಶ್ರೀ ಅಂದರೆ ಮದುವೆ ರವಿಕೆ, ಮದುವೆ ರವಿಕೆ ಅಂದರೆ ನಾಗಶ್ರೀ. ಮುಳ್ಳೂರು, ಕಾಮಗೆರೆ, ಹನೂರು, ಎಲ್ಲಿ ಹೆಣ್ಣು ಗೊತ್ತಾದರೂ ಮದುವೆಮನೆಯವರು ಕೊಳ್ಳೇಗಾಲಕ್ಕೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಜಗಲಿಯಲ್ಲೇ ಮಿಷನ್ ಹಾಕಿಕೊಂಡು ಹೊಲಿದೂ ಹೊಲಿದೂ ಬದುಕು ಕಟ್ಟಿಕೊಂಡ ಹೆಂಗಸು ಅವಳು. ಈಗ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಂಗಡಿ ಹಿಡಿದಿದ್ದಳು. ಬರುವ ಸೋಮವಾರ ಅಂಗಡಿಯ ಪೂಜೆ. ಗಿರಾಕಿಗಳು ಬಂದು ಅಂಗಡಿ ಕಂಡುಹೋದರೆ ಬಚಾವು. ಇಲ್ಲವಾದರೆ ಹಳೇ ಜಗಲಿಗೆ ಬಂದು, ಮನೆಯ ಬೀಗ ನೋಡಿ, ಬೇರೆ ಟೈಲರ್ ಹತ್ತಿರ ಹೋಗಿಬಿಡುತ್ತಾರೆ.

ಪ್ರೆಸ್ಸಿನ ಉದಯಕುಮಾರ್, ಪೂಜೆಗೆ ಕರೆಯುವ ಕಾರ್ಡು ಅಚ್ಚು ಹಾಕಿಸಿ, ವಾಟ್ಸಾಪಿನಲ್ಲೂ ಕಳಿಸಿ ಎಂದ. ವಾಟ್ಸಾಪ್ ಒಂದೇ ಸಾಕು ಎಂದಳು ನಾಗಶ್ರೀ. ಕಾಸು ಉಳಿಸುತ್ತಿದ್ದಾಳೆ ಅಂದುಕೊಂಡ ಪುಣ್ಯಾತ್ಮ. ಕಾಸಿನ ಮಾತೇ ಅಲ್ಲ ಅದು. ಕಾರ್ಡು ಅಂದಮೇಲೆ ಮೂಲೆಗೆ ಅರಿಶಿನ ಹಚ್ಚಬೇಕು, ಮನೆಮನೆಗೆ ಹೋಗಬೇಕು, ಮನೆಯೊಡತಿಯ ಹಣೆಗೆ ಕುಂಕುಮವಿಟ್ಟು ಕೈಗೆ ಕೊಡಬೇಕು. ಗಂಡನಿಲ್ಲದವಳು ಕುಂಕುಮದ ಬಟ್ಟಲು ಹಿಡಿದು ಹೊಸಿಲ ಮುಂದೆ ನಿಂತರೆ ಯಾರ ಮುಖ ಹೇಗಾಗುತ್ತದೋ! ಮೈದುನನ ಮದುವೆಯಲ್ಲಿ ಅವಳ ಕೈಯಿಂದ ಆ ಬಟ್ಟಲನ್ನು ಮೆಲ್ಲಗೆ ಕಿತ್ತುಕೊಂಡಿದ್ದರಲ್ಲ, ಆ ಉರಿ ಇನ್ನೂ ಆರಿರಲಿಲ್ಲ. ಫೋನಾದರೆ ಯಾರೂ ಅವಳ ಹಣೆ ನೋಡುವುದಿಲ್ಲ.

ಕಳಿಸಿದಳು. ಕೈಮುಗಿದ ಚಿತ್ರ, ಹೂವು, ಹೆಬ್ಬೆರಳು ರಾಶಿರಾಶಿ ಬಂದವು. ಬರುತ್ತೇವೆ ಎಂದವರು ಮಾತ್ರ ಒಬ್ಬರೂ ಇಲ್ಲ. ಮುಳ್ಳೂರಿನ ರಂಗಮ್ಮ, ತನ್ನ ಹೆಣ್ಣುಮಕ್ಕಳ ಮದುವೆಗೆಲ್ಲ ಇವಳ ಹತ್ತಿರವೇ ಹೊಲಿಸಿದವಳು, ಅವಳೂ ನೋಡಿ ಸುಮ್ಮನಿದ್ದಳು. ತಡೆಯಲಾರದೆ ನಾಗಶ್ರೀಯೇ ಫೋನ್ ಮಾಡಿ ಕೇಳಿದಳು.

"ಪೂಜೆ ಮಡಗಿವ್ನಿ ಅಂತ ತಿಳ್ಸಿದ್ದೀಯ ಕಣವ್ವ. ಬಾ ಅಂತ ಕರ್ದಿಲ್ಲ" ಎಂದಳು ರಂಗಮ್ಮ. ಅವಳ ಬೀದಿಯವರೆಲ್ಲ ಹಾಗೇ ತಿಳಿದಿದ್ದಾರಂತೆ: ಬೇಕಾದವರಿಗೆ ಕಾರ್ಡು ಕೊಟ್ಟಿರಬೇಕು, ನಮಗೆ ಬರೀ ಸುದ್ದಿ ಮುಟ್ಟಿಸಿದ್ದಾಳೆ ಎಂದು.

ನಾಗಶ್ರೀ ಬಚ್ಚಿಟ್ಟುಕೊಂಡಿದ್ದನ್ನು ಹೇಳಿಯೇಬಿಟ್ಟಳು.

"ನಾನ್ ಎಂಗಕ್ಕ ಕುಂಕುಮ ಇಕ್ಲಿ?"

ರಂಗಮ್ಮ, ಕಾರ್ಡು ಅಚ್ಚು ಹಾಕಿಸು, ಮೊದಲನೇದು ನಮ್ಮನೆಗೆ ತಾ ಎಂದಷ್ಟೇ ಹೇಳಿ ಫೋನಿಟ್ಟಳು.

ಕಾರ್ಡಿನ ಕಟ್ಟು ಹಿಡಿದು ಮುಳ್ಳೂರಿನಲ್ಲಿ ಬಸ್ಸಿಳಿದಾಗ ನಾಗಶ್ರೀಗೆ ಹೆದರಿಕೆ, ನಾಚಿಕೆ ಎರಡೂ. ಮೂಲೆಗೆ ಅರಿಶಿನವೇನೋ ಹಚ್ಚಿದ್ದಳು, ಕುಂಕುಮ ತಂದಿರಲಿಲ್ಲ. ಬಾಗಿಲಲ್ಲೇ ನಿಂತು ಕಾರ್ಡು ನೀಡಿದಳು. ರಂಗಮ್ಮ ಕೈ ಚಾಚಲಿಲ್ಲ. ಒಳಗೆ ಹೋಗಿ ದೇವರ ಮುಂದಿನ ಕುಂಕುಮದ ಬಟ್ಟಲು ತಂದು, ಅದನ್ನು ನಾಗಶ್ರೀಯ ಕೈಗೇ ಇಟ್ಟು, ತನ್ನ ಹಣೆ ಮುಂದೆ ಮಾಡಿ ನಿಂತಳು.

"ನನ್ ಮಕ್ಳ ಧಾರೆ ರವ್ಕೆ ಹೊಲ್ದ ಕೈ ಕಣವ್ವ ಇದು. ಇಕ್ಕು."

ನಾಗಶ್ರೀ ಇಟ್ಟಳು; ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ರಂಗಮ್ಮ ಒರೆಸಿಕೊಳ್ಳಲಿಲ್ಲ. ಕಾರ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಹಾಗೇ ಬೀದಿಗಿಳಿದು ಪಕ್ಕದ ಮನೆ ಬಾಗಿಲು ಬಡಿದಳು, ಟೈಲರ್ ನಾಗಶ್ರೀ ಕರೆಯೋಕೆ ಬಂದಿದ್ದಾಳೆ, ಎದ್ದು ಬನ್ರವ್ವ ಎಂದು. ನಾಗಶ್ರೀ ಬಟ್ಟಲು ಹಿಡಿದು ಅವಳ ಹಿಂದೆ ನಡೆದಳು.