ರೆಹನೇ ದೀಜಿಯೇ, ಮೇಡಮ್‌ಜೀ

ದೆಹಲಿಯ ನಮ್ಮ ಕಚೇರಿಯಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲೂ ಹಿಂದಿ ಪಖವಾಡಾ ನಡೆಯುತ್ತದೆ. ಹದಿನೈದು ದಿನ ಪ್ರಬಂಧ, ಕವಿತಾ ವಾಚನ, ಆಶುಭಾಷಣ ಅಂತ ಸ್ಪರ್ಧೆಗಳು, ಕೊನೆಯ ದಿನ ಬಹುಮಾನ ಮತ್ತು ಸಮೋಸ. ಕೇಂದ್ರ ಸರ್ಕಾರದ ಕಚೇರಿ ಅಂದಮೇಲೆ ಇದು ತಪ್ಪಿದ್ದಲ್ಲ. ಹಿಂದಿ ಮನೆಮಾತಲ್ಲದವರಿಗೆ, ಪಾಪ ಅಂತ, ಬೇರೆಯೇ ಒಂದು ವಿಭಾಗ ಇಟ್ಟಿದ್ದಾರೆ. ನಮ್ಮ ಕಟ್ಟಡದಲ್ಲಿ ಅಂಥವರು ಮೂರೇ ಜನ: ಅಕೌಂಟ್ಸ್‌ನ ಒಬ್ಬರು ತಮಿಳರು, ಮಣಿಪುರದ ಒಬ್ಬ ಸ್ಟೆನೋ, ದಾವಣಗೆರೆಯ ನಾನು. ಬಹುಮಾನಗಳೂ ಮೂರು. ಹಾಗಾಗಿ ಫರೀದಾಬಾದಿನ ನಮ್ಮ ಮನೆಯಲ್ಲಿ, ಬಹುಮಾನಕ್ಕೆ ಕೊಡುವ ಚಪಾತಿ ಬಿಸಿಯಾಗಿಡುವ ಡಬ್ಬಿಗಳಿಗೆ ಎಂದೂ ಬರವಿಲ್ಲ.

ಒಂದು ವರ್ಷ ಹೀಗೇ ಡಬ್ಬಿ ತೆಗೆದುಕೊಂಡು ಸೀಟಿಗೆ ವಾಪಸ್ ಬಂದೆ. ಪಕ್ಕದ ಮೇಜಿನಲ್ಲಿ ಬಡೇ ಬಾಬು ಕೂತಿದ್ದರು. ಬಡೇ ಬಾಬು ಅಂದರೆ ಹಿರಿಯ ಗುಮಾಸ್ತರು. ಅವರ ಹುದ್ದೆಗೆ ಈಗ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ಆದರೆ ಸೆಕ್ಷನ್ನಿನಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಮೇರಠ್ ಕಡೆಯವರು, ದಪ್ಪ ಮೀಸೆ, ನಿವೃತ್ತಿಗೆ ಹತ್ತಿರ. ಹಿಂದಿ ಬಿಟ್ಟು ಬೇರೆ ಮಾತಾಡುವವರಲ್ಲ. ಅವರ ಮಾತನ್ನು ನಾನಿಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಮೇಡಮ್‌ಜೀ, ಬೇಜಾರು ಮಾಡ್ಕೋಬೇಡಿ," ಅಂದರು ಡಬ್ಬಿಯನ್ನು ಬೆರಳಿನಿಂದ ತಟ್ಟಿ ನೋಡುತ್ತ. "ನಿಮ್ಮ ವಿಭಾಗದಲ್ಲಿ ಸ್ಟೇಜಿನ ಮೇಲೆ ಒಂದು ಕುರ್ಚಿ ನಿಲ್ಲಿಸಿದ್ರೂ ಮೂರನೇ ಬಹುಮಾನ ಬರುತ್ತೆ."

ಸೆಕ್ಷನ್ನಿನವರೆಲ್ಲ ನಕ್ಕರು. ನನಗೂ ನಗು ಬಂತು, ಯಾಕೆಂದರೆ ಆ ವರ್ಷ ನನಗೆ ಬಂದಿದ್ದು ಮೂರನೆಯದೇ. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಮುಂದಿನ ವರ್ಷ ನಾನು ನಿಮ್ಮ ವಿಭಾಗದಲ್ಲೇ ಮಾತಾಡ್ತೀನಿ. ಆಶುಭಾಷಣ," ಅಂದುಬಿಟ್ಟೆ. ಆಶುಭಾಷಣವೆಂದರೆ ಚೀಟಿ ಎತ್ತಿ, ಬಂದ ವಿಷಯದ ಮೇಲೆ ನಿಂತ ನಿಲುವಿನಲ್ಲೇ ಮಾತಾಡುವುದು.

ಬಡೇ ಬಾಬು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ವ್ಯಂಗ್ಯವಿಲ್ಲ, ಕೋಪವಿಲ್ಲ, ಡಾಕ್ಟರು ರೋಗಿಯನ್ನು ನೋಡುವ ಹಾಗೆ. "ರೆಹನೇ ದೀಜಿಯೇ, ಮೇಡಮ್‌ಜೀ," ಅಂದರು. ಇರಲಿ ಬಿಡಿ, ನಿಮಗ್ಯಾಕೆ ಅಂತ ಅದರ ಅರ್ಥ.

ಬೇರೆ ಯಾರಿಗಾದರೂ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಸ್ವಭಾವವೇ ಬೇರೆ. "ನೀನು ಮಾಡ್ತೀಯಮ್ಮ" ಅಂದರೆ ನನಗೆ ನಿದ್ದೆ ಬರುತ್ತದೆ. "ನಿನ್ನ ಕೈಲಾಗಲ್ಲ" ಅಂದರೆ ಎದ್ದು ಸೆರಗು ಬಿಗಿದು ನಿಲ್ಲುತ್ತೇನೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ನಮ್ಮ ಸೋದರಮಾವ ಅಡಿಕೆ ಜಗಿಯುತ್ತ, "ಇವಳು ಹರಿಹರ ದಾಟಿ ಕೆಲಸ ಮಾಡಲ್ಲ" ಅಂದಿದ್ದರು. ಹರಿಹರ ನಮ್ಮೂರಿನ ಪಕ್ಕದ ಊರು. ಆ ಸಿಟ್ಟಿಗೆ ಪರೀಕ್ಷೆ ಕಟ್ಟಿ ದೆಹಲಿಗೆ ಬಂದು ಬಿದ್ದೆ. ಅವರು ಒಂದು ವೇಳೆ ದಾವಣಗೆರೆ ದಾಟಲ್ಲ ಅಂದಿದ್ದರೆ ಹರಿಹರದಲ್ಲೇ ಸಮಾಧಾನವಾಗುತ್ತಿತ್ತೋ ಏನೋ.

ಮನೆಯಲ್ಲಿ ವಿಷಯ ಹೇಳಿದೆ. ನನ್ನ ಯಜಮಾನರು ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಯಾವುದನ್ನೂ ಅವಸರದಲ್ಲಿ ಹೇಳುವವರಲ್ಲ. ಚಪಾತಿ ಮುರಿಯುತ್ತ, "ಸುಮ್ನೆ ಬರೋ ಡಬ್ಬೀನೂ ಹೋಗುತ್ತಲ್ಲೇ," ಅಂದರು. ಹತ್ತನೇ ಕ್ಲಾಸಿನ ಮಗಳು ಮಾತ್ರ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧದಲ್ಲಿ ಹಿಂದಿಗೆ ಹಾರುತ್ತಾಳೆ.

"ಅಮ್ಮಾ, ನಿನ್ನ ವೊಕ್ಯಾಬ್ಯುಲರಿ ಠೀಕ್ ಹೈ. ಪ್ರಾಬ್ಲಮ್ ಜೆಂಡರ್ದು. ಬಸ್ ಆತೀ ಹೈ, ನೀನು ಬಸ್ ಆತಾ ಹೈ ಅಂತೀಯ. ಸಬ್ ಹಸ್ತೇ ಹೈಂ."

ಅದು ನಿಜ. ಹಿಂದಿಯಲ್ಲಿ ಬಸ್ಸು ಹೆಣ್ಣು, ನಾನು ಅದನ್ನು ಗಂಡು ಮಾಡಿದಾಗೆಲ್ಲ ಎಲ್ಲರೂ ನಗುತ್ತಾರೆ. ನಮ್ಮ ಭಾಷೆಯಲ್ಲಿ ಗಂಡು ಹೆಣ್ಣು ಅನ್ನುವುದು ಮನುಷ್ಯರಿಗೆ, ದೇವರಿಗೆ. ಉಳಿದದ್ದೆಲ್ಲ ಅದು, ಇದು. ಹಿಂದಿಯಲ್ಲಿ ಹಾಗಲ್ಲ. ಅಲ್ಲಿ ಬಾಗಿಲು ಗಂಡು, ಕಿಟಕಿ ಹೆಣ್ಣು. ಲಾರಿ ಅಂದರೆ ಹೆಣ್ಣು, ಅದನ್ನೇ ಟ್ರಕ್ ಅಂದರೆ ಗಂಡು. ಪೊಲೀಸರು ಎಷ್ಟೇ ಲಾಠಿ ಹಿಡಿದಿರಲಿ, ಪುಲಿಸ್ ಬರುವುದು ಹೆಣ್ಣಾಗಿಯೇ. ಬ್ಲೌಸ್ ಗಂಡು. ಇದಕ್ಕೆಲ್ಲ ಕಾರಣ ಕೇಳಿದರೆ ಮಗಳು, "ಬಸ್, ಹೈ," ಅಂತಾಳೆ. ಅಷ್ಟೇ, ಇದೆ.

ಒಂದು ಭಾನುವಾರ ನಾನು ಸಂತೆಯಿಂದ ತರಕಾರಿ ತರುವಷ್ಟರಲ್ಲಿ ಅವಳು ನನ್ನ ಸ್ಟಿಕ್ಕರ್ ಬಿಂದಿಯ ಹಾಳೆಗಳನ್ನೆಲ್ಲ ಖಾಲಿ ಮಾಡಿದ್ದಳು. ಮನೆಯಲ್ಲಿರುವ ಹೆಣ್ಣು ವಸ್ತುಗಳಿಗೆಲ್ಲ ಬಿಂದಿ. ಕುರ್ಚಿಗೆ ಬಿಂದಿ, ಮೇಜಿಗೆ ಬಿಂದಿ, ಗಡಿಯಾರ, ಅಲಮಾರು, ಕಿಟಕಿ, ವಾಷಿಂಗ್ ಮಷಿನ್ ಎಲ್ಲ ಮುತ್ತೈದೆಯರಾಗಿದ್ದವು. ಫ್ರಿಜ್ಜು ಮತ್ತು ಫ್ಯಾನು ಬೋಳು ಹಣೆಯಲ್ಲಿದ್ದವು. ಸೋಫಾದ ಮೇಲೆ ಯಜಮಾನರು ಮಲಗಿದ್ದರು. ಅವರ ಮೀಸೆಯ ಮೇಲೂ ಒಂದು ಕೆಂಪು ಬಿಂದಿ ಇತ್ತು.

"ಮೂಂಛ್ ಫೆಮಿನೈನ್, ಅಮ್ಮಾ," ಅಂದಳು.

ಆ ಹೊತ್ತಿಗೆ ಮೇಲಿನ ಮನೆಯವರು ನೀರಿನ ಟ್ಯಾಂಕಿನ ವಿಷಯ ಕೇಳಲು ಬಂದರು. ಬೆಲ್ಲಿನ ಸದ್ದಿಗೆ ಎಚ್ಚರವಾಗಿ ಯಜಮಾನರೇ ಹೋಗಿ ಬಾಗಿಲು ತೆಗೆದು, ಬಿಂದಿ ಇಟ್ಟ ಮೀಸೆಯಲ್ಲೇ ಮೋಟರು, ವಾಲ್ವು ಅಂತ ವಿವರವಾಗಿ ಮಾತಾಡಿ ಕಳಿಸಿದರು. ಆ ಮನುಷ್ಯ ಮುಖ ನೋಡದೆ ಬರೀ ನೆಲ ನೋಡಿ ಹೂಂಗುಟ್ಟಿ ಹೋದ. ಆಮೇಲೆ ಕನ್ನಡಿ ನೋಡಿಕೊಂಡ ಯಜಮಾನರು, ಸ್ಪರ್ಧೆ ಮುಗಿಯುವವರೆಗೆ ಹಗಲು ಮಲಗುವುದನ್ನೇ ಬಿಟ್ಟರು.

ಕಚೇರಿಯಲ್ಲಿ ಬಡೇ ಬಾಬು ನನ್ನ ಹಟವನ್ನು ಮರೆಯಲು ಬಿಡಲಿಲ್ಲ. ಬೆಳಿಗ್ಗೆ ನಾನು ಬ್ಯಾಗು ಇಡುತ್ತಿದ್ದ ಹಾಗೆ, "ಇನ್ನೂ ಟೈಮಿದೆ, ರೆಹನೇ ದೀಜಿಯೇ" ಅನ್ನುವರು. ನನಗೆ ಅದು ಕಾಫಿಯಿದ್ದ ಹಾಗೆ. ಅದನ್ನು ಕೇಳಿದ ದಿನ ವಾಪಸ್ ಹೋಗುವಾಗ ಮೆಟ್ರೋದಲ್ಲಿ ಪೂರ್ತಿ ದಾರಿ ಮನಸ್ಸಿನಲ್ಲೇ ಭಾಷಣ ಮಾಡುತ್ತಿದ್ದೆ. ಕೆಲವೊಮ್ಮೆ ತುಟಿಯೂ ಆಡುತ್ತಿತ್ತು. ಎದುರಿನ ಹೆಂಗಸು, ಯಾವುದೋ ಮಂತ್ರ ಹೇಳಿಕೊಳ್ಳುತ್ತಿದ್ದಾಳೆ ಅಂತ ನನಗೆ ಸೀಟು ಬಿಟ್ಟುಕೊಟ್ಟದ್ದೂ ಇದೆ.

ನಡುವೆ ಒಂದು ದಿನ ಅನುಮಾನ ಬಂದು ಅವರನ್ನೇ ಕೇಳಿದೆ. "ಸರ್, ಮೊಸರು ಹುಳಿ ಅನ್ನೋಕೆ ದಹೀ ಖಟ್ಟಾ ಅನ್ನಬೇಕಾ, ಖಟ್ಟೀ ಅನ್ನಬೇಕಾ?"

"ಖಟ್ಟೀ. ಇದೂ ಗೊತ್ತಿಲ್ವಾ?" ಅಂದರು ಬಡೇ ಬಾಬು.

ಹಿಂದಿನ ಮೇಜಿನಲ್ಲಿ ಅಲಹಾಬಾದಿನವರೊಬ್ಬರಿದ್ದರು. ಯಾವತ್ತೂ ಮಾತಾಡದ ಮನುಷ್ಯ. ಅವರು ಎದ್ದು ನಿಂತು, "ಕ್ಷಮಿಸಿ, ದಹೀ ಖಟ್ಟಾ," ಅಂದರು. ನಿಮ್ಮ ಕಡೆ ಇರಬಹುದು, ಇದು ದಿಲ್ಲಿ ಅಂದರು ಇವರು. ದಿಲ್ಲಿಯವರಿಗೆ ಹಿಂದಿ ಬರುತ್ತೆ ಅಂತ ಯಾರು ಹೇಳಿದ್ದು ಅಂದರು ಅವರು. ಸೆಕ್ಷನ್ ಎರಡು ಭಾಗವಾಯಿತು. ಊಟದ ಡಬ್ಬಿಗಳು ಬಿಚ್ಚಿಕೊಂಡವು, ಒಬ್ಬರು ಮೊಸರನ್ನೇ ಮೇಜಿನ ಮೇಲೆ ಇಟ್ಟು ಸಾಕ್ಷಿಗೆ ಕರೆದ ಹಾಗೆ ಅದನ್ನು ತೋರಿಸಿ ಮಾತಾಡಿದರು. ಊಟವಾದ ಮೇಲೂ ಜಗಳ ಮುಗಿಯಲಿಲ್ಲ, ಒಂದು ಫೈಲೂ ಕದಲಲಿಲ್ಲ. ನಾನು ನನ್ನ ಮೊಸರನ್ನ ತಿನ್ನುತ್ತ ಕೂತಿದ್ದೆ. ಇವರಿಗೇ ಗೊತ್ತಿಲ್ಲದ ಮೇಲೆ ನಾನು ಹೆದರುವುದೇನು ಅನ್ನಿಸಿತು.

ಪಖವಾಡಾಕ್ಕೆ ಇನ್ನೇನು ಕೆಲವು ದಿನ ಇದೆ ಅನ್ನುವಾಗ ಅನಾಹುತವಾಯಿತು. ಕಚೇರಿಯಲ್ಲಿ ಎಲ್ಲರಿಗೂ ಒಂದು ದಿನದ ತರಬೇತಿ ಇಟ್ಟರು, ಸಹೋದ್ಯೋಗಿಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ. ಹೊರಗಿನಿಂದ ಬಂದ ತರಬೇತುದಾರಳು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಯಾರಿಗೂ 'ಆಗಲ್ಲ' ಅನ್ನಬೇಡಿ, 'ಆಗುತ್ತೆ' ಅನ್ನಿ ಅಂದಳು. ನಾವೆಲ್ಲ ಬಿಸ್ಕತ್ತು ತಿಂದು ಮರೆತೆವು. ಮಾರನೆಯ ದಿನ ನಾನು ಬ್ಯಾಗು ಇಟ್ಟಾಗ ಬಡೇ ಬಾಬು ಎದ್ದು ನಿಂತರು.

"ಮೇಡಮ್‌ಜೀ, ಹೋ ಜಾಯೇಗಾ," ಅಂದರು. ಆಗುತ್ತೆ.

ತಮಾಷೆ ಇರಬೇಕು ಅಂದುಕೊಂಡೆ. ಆದರೆ ಮಾರನೆಯ ದಿನವೂ ಅದೇ. ಮುಖದಲ್ಲಿ ಒಂದು ಬಲವಂತದ ನಗು ಬೇರೆ. ಆ ನಗು ನೋಡಿದರೆ ಹಲ್ಲುನೋವಿನವರ ನೆನಪಾಗುತ್ತಿತ್ತು. ನನ್ನ ಕಾಫಿ ನಿಂತುಹೋಯಿತು. ಮೆಟ್ರೋದಲ್ಲಿ ಭಾಷಣ ಮಾಡುವ ಬದಲು ನಿದ್ದೆ ಮಾಡತೊಡಗಿದೆ. ಮನೆಯಲ್ಲಿ ಯಜಮಾನರ ಹತ್ತಿರ, "ರೀ, ಒಂದ್ಸಲ ಆಗಲ್ಲ ಅನ್ರೀ," ಅಂತ ಕೇಳಿಕೊಂಡೆ. "ನಾನು ಅನ್ನಲ್ಲಪ್ಪ. ಗೆದ್ರೂ ಬೈತೀಯ, ಸೋತ್ರೂ ಬೈತೀಯ," ಅಂತ ಪೇಪರು ಹಿಡಿದರು. ಊರಿಗೆ ಫೋನ್ ಮಾಡಿದರೆ ಅಮ್ಮ, "ನಿನಗೆ ಬರದೇ ಇರೋದು ಏನಿದೆ ಮಗಳೇ," ಅಂದಳು. ಸೋದರಮಾವನನ್ನು ಕೇಳೋಣವೆಂದರೆ ಅವರಿಗೀಗ ಕಿವಿ ಕೇಳಿಸುವುದಿಲ್ಲ.

ಕೊನೆಗೆ ಬಡೇ ಬಾಬು ಒಬ್ಬರೇ ಇದ್ದಾಗ ಹೋಗಿ ಕೂತೆ. "ಸರ್, ನೀವು ಮೊದಲಿನ ಹಾಗೇ ಹೇಳಿ. ರೆಹನೇ ದೀಜಿಯೇ ಅನ್ನಿ. ನೀವು ಒಳ್ಳೇ ಮಾತಾಡೋಕೆ ಶುರು ಮಾಡಿದ ಮೇಲೆ ನನಗೆ ಏನೂ ನಡೀತಿಲ್ಲ."

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹೇಳೋಕಾಗಲ್ಲ ಮೇಡಮ್‌ಜೀ. ನಾನು ನಿಮ್ಮ ಮೇಲೆ ಪ್ರಾಕ್ಟೀಸ್ ಮಾಡ್ತಿದ್ದೀನಿ."

"ಯಾತರ ಪ್ರಾಕ್ಟೀಸು?"

ಆಗ ಹೇಳಿದರು. ಅವರ ಮಗ ಕೋಚಿಂಗ್ ಸೆಂಟರುಗಳೇ ತುಂಬಿರುವ ಮುಖರ್ಜಿ ನಗರದಲ್ಲಿ ರೂಮು ಮಾಡಿಕೊಂಡು ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದಾನೆ. ಎರಡು ಸಲ ಆಗಲಿಲ್ಲ. ಅವರು ಅವನಿಗೂ ಅದನ್ನೇ ಹೇಳುತ್ತ ಬಂದಿದ್ದರು: ಬಿಡು, ನಿನ್ನಿಂದ ಆಗಲ್ಲ. "ನಮ್ಮಪ್ಪ ನನಗೆ ಹಾಗೇ ಹೇಳ್ತಿದ್ರು. ಅದಕ್ಕೇ ನಾನು ಓದಿದ್ದು. ಹುಡುಗನಿಗೂ ಛಲ ಬರ್ಲಿ ಅಂತ ಹೇಳ್ದೆ. ಅವನಿಗೆ ಛಲ ಬರಲಿಲ್ಲ. ಫೋನ್ ಎತ್ತೋದು ಬಿಟ್ಟ. ಈಗ ತಾಯಿ ಹತ್ರ ಮಾತ್ರ ಮಾತಾಡ್ತಾನೆ."

ಅದೇ ಮಾತು ನನ್ನನ್ನು ಎಬ್ಬಿಸಿ ಓಡಿಸಿತ್ತು. ಅದೇ ಮಾತಿಗೆ ಒಬ್ಬ ಹುಡುಗ ಬಾಗಿಲು ಹಾಕಿಕೊಂಡಿದ್ದ.

"ಆಗುತ್ತೆ ಅಂತ ಹೇಳೋಕೆ ನನ್ನ ಬಾಯಿಗೆ ಅಭ್ಯಾಸ ಇಲ್ಲ," ಅಂದರು. "ಮೊದಲು ನಿಮ್ಮ ಹತ್ರ ಹೇಳಿ ಕಲೀತಿದ್ದೀನಿ. ಸರಿ ಬರ್ತಿದೆಯಾ?"

"ಮಾತು ಸರಿ ಇದೆ ಸರ್," ಅಂದೆ. "ನಗೋದು ಬೇಡ. ಹೆದರಿಕೆ ಆಗುತ್ತೆ."

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ನನ್ನ ಹೆಸರು ಕರೆದರು, ವೇದಿಕೆಗೆ ಹೋದೆ. ನಿರೂಪಣೆ ಮಾಡುತ್ತಿದ್ದ ಹಿಂದಿ ವಿಭಾಗದ ಹೆಂಗಸು ಬಹಳ ಪ್ರೀತಿಯಿಂದ, ಮೈಕಿನಲ್ಲೇ, "ಮೇಡಮ್, ಅಹಿಂದಿಭಾಷಿಗಳ ಸ್ಪರ್ಧೆ ನಾಳೆ, ಕೆಳಗಿನ ಮಹಡಿಯಲ್ಲಿ," ಅಂದರು. ಸಭೆ ನಕ್ಕಿತು. ಆಹಾ, ಎಷ್ಟು ದಿನವಾಗಿತ್ತು. ಬೆನ್ನು ತಾನಾಗಿ ನೆಟ್ಟಗಾಯಿತು. "ಗೊತ್ತು, ನಾನು ಇಲ್ಲಿಗೇ ಬಂದಿದ್ದೇನೆ," ಅಂತ ಹಿಂದಿಯಲ್ಲಿ ಹೇಳಿ ಚೀಟಿ ಎತ್ತಿದೆ. ಪಡೋಸೀ ಅಂತಿತ್ತು. ನೆರೆಯವರು.

ಮೀಸೆಯ ಬಿಂದಿ ನೋಡಿ ಹೋದ ಮೇಲಿನ ಮನೆಯವರಿಂದಲೇ ಶುರು ಮಾಡಿದೆ. ಮುಂದಿನ ಸಾಲಿನ ಅಧಿಕಾರಿಗಳು ಮೊದಲು ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ಕೈ ತೆಗೆದರು. ಮೂರನೇ ಸಾಲಿನಲ್ಲಿ ಬಡೇ ಬಾಬು ಎರಡೂ ಹೆಬ್ಬೆರಳು ಎತ್ತಿ ಹಿಡಿದು, ನಗಬಾರದೆಂದು ತುಟಿ ಬಿಗಿದು ಕೂತಿದ್ದರು. ಅದನ್ನು ನೋಡಿದ್ದೇ ನನ್ನ ನಾಲಿಗೆ ತಪ್ಪಿ, "ಮೇರೇ ಪಡೋಸೀ" ಅನ್ನುವ ಕಡೆ "ಮೇರೀ ಪಡೋಸೀ" ಅಂತ ಆ ಮನುಷ್ಯನನ್ನು ಹೆಣ್ಣು ಮಾಡಿಬಿಟ್ಟೆ. ಹಿಂದಿನಿಂದ ಯಾರೋ, "ಮೇರೇ, ಮೇರೇ," ಅಂದರು. "ಧನ್ಯವಾದ. ಕರೆಯದೇ ಬಂದು ತಿದ್ದುವವರನ್ನೇ ನೆರೆಯವರು ಅನ್ನೋದು," ಅಂದೆ. ಅದಕ್ಕೆ ಬಂದ ಚಪ್ಪಾಳೆಯಲ್ಲಿ ಗಂಟೆ ಬಾರಿಸಿದ್ದು ನನಗೆ ಕೇಳಿಸಲೇ ಇಲ್ಲ. ಸಮಯ ಮೀರಿದ್ದಕ್ಕೆ ಅಂಕ ಕಳೆದರು. ಎರಡನೇ ಬಹುಮಾನ ಬಂತು. ಮೊದಲನೆಯದು ಅಲಹಾಬಾದಿನವರಿಗೆ ಹೋಯಿತು. ಆಗಲೇಬೇಕು, ಅವರು ಮೊಸರಿನ ದಿನದಿಂದ ನಿಲ್ಲಿಸದೆ ಮಾತಾಡುತ್ತಲೇ ಇದ್ದರು.

ಕೊನೆಯ ದಿನ ಸಮೋಸ ತಿನ್ನುವಾಗ ಬಡೇ ಬಾಬು ನನ್ನನ್ನು ಕಾರಿಡಾರಿಗೆ ಕರೆದರು. "ಈಗ ಫೋನ್ ಮಾಡ್ತೀನಿ. ನೀವು ಇಲ್ಲೇ ನಿಂತಿರಿ," ಅಂದರು. ಬೇರೆ ಯಾರದೋ ನಂಬರಿನಿಂದ ಮಾಡಿದರೆ ಎತ್ತುತ್ತಾನೆ ಅಂತ ನನ್ನ ಮೊಬೈಲು ತೆಗೆದುಕೊಂಡರು. ಸ್ಪೀಕರ್ ಒತ್ತಿದ್ದು ಬೇಕಂತಲೋ ತಪ್ಪಿಯೋ ಗೊತ್ತಿಲ್ಲ. ಆ ಕಡೆಯಿಂದ ಹಲೋ ಬಂತು.

"ನಾನು," ಅಂದರು. "ಹೋ ಜಾಯೇಗಾ, ಬೇಟಾ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಪಾಪಾ, ಮಮ್ಮಿ ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾಳೆ."

"ನೀವು? ಡಾಕ್ಟರ್ ಏನಾದ್ರೂ ಹೇಳಿದ್ರಾ?"

"ನನಗೇನಾಗಿದೆ? ಚೆನ್ನಾಗಿದ್ದೀನಿ."

"ಮತ್ತೆ ಯಾಕೆ ಹೀಗೆ ಮಾತಾಡ್ತಿದ್ದೀರಿ?"

ಬಡೇ ಬಾಬು ಗಾಬರಿಯಿಂದ ನನ್ನ ಮುಖ ನೋಡಿದರು. ಮುಂದುವರಿಸಿ ಅಂತ ಸನ್ನೆ ಮಾಡಿದೆ. "ಆಫೀಸಲ್ಲಿ ಹೇಳಿಕೊಟ್ಟಿದ್ದಾರೆ," ಅಂದರು.

ಹುಡುಗ ನಗತೊಡಗಿದ. ತಡೆದು ತಡೆದು ನಕ್ಕ. ಬಡೇ ಬಾಬು ಮೊಬೈಲನ್ನು ಸ್ವಲ್ಪ ದೂರ ಹಿಡಿದು, ಆ ನಗುವನ್ನು ಪೂರ್ತಿ ಕೇಳಿಸಿಕೊಂಡರು. ನಾನು ಸಮೋಸದ ತಟ್ಟೆ ಹಿಡಿದುಕೊಂಡು ಒಳಗೆ ಬಂದೆ. ಆಮೇಲೆ ಅವರೂ ಬಂದು ಮೊಬೈಲು ಕೊಟ್ಟು ಸೀಟಿನಲ್ಲಿ ಕೂತರು.

"ಭಾನುವಾರ ಮನೆಗೆ ಬರ್ತಾನಂತೆ," ಅಂದರು. "ರಾಜ್ಮಾ ಬೇಕಂತೆ."