ಬಾಳೆಕಂದಿಗೆ ಹೋದ ಮರಳು

ಬಣ್ಣದ ಆಯುಷ್ಯವನ್ನು ಮರಳಿನಲ್ಲಿ ಅಳೆಯುವುದು ನನ್ನ ಕೆಲಸವಾಗಿತ್ತು. ಅರವತ್ತರ ದಶಕದಲ್ಲಿ ಯಶವಂತಪುರದ ರೈಲು ಹಳಿಯ ಪಕ್ಕದಲ್ಲಿದ್ದ ಸಣ್ಣದೊಂದು ಪೇಂಟ್ ಕಾರ್ಖಾನೆ ನಮ್ಮದು. ಬಣ್ಣ ಬಳಿದ ತಗಡನ್ನು ಓರೆಯಾಗಿ ನಿಲ್ಲಿಸಿ ಉದ್ದನೆಯ ಕೊಳವೆಯ ಮೇಲಿನಿಂದ ಮರಳು ಸುರಿಯಬೇಕು. ಬಣ್ಣ ಸವೆದು ಕಬ್ಬಿಣ ಇಣುಕುವ ಹೊತ್ತಿಗೆ ಎಷ್ಟು ಮರಳು ಬಿತ್ತೋ ಅಷ್ಟು ಗಟ್ಟಿ ಆ ಬಣ್ಣ. ಮರಳು ಮಾತ್ರ ಎಲ್ಲ ಒಂದೇ ಗಾತ್ರದ್ದಾಗಿರಬೇಕು. ಅದನ್ನು ತೊಳೆದು, ತಾರಸಿಯ ಮೇಲೆ ಒಣಗಿಸಿ, ಜರಡಿ ಹಿಡಿದು, ಮದುವೆಮನೆಯ ಅಕ್ಕಿಯ ಹಾಗೆ ಜೋಪಾನವಾಗಿ ಮುಚ್ಚಿಡುತ್ತಿದ್ದೆ. ಯಾರಾದರೂ ಅದರಲ್ಲಿ ಕೈಯಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಜಮಾನರಿಗೆ ನನ್ನ ಈ ಪರೀಕ್ಷೆಯ ಕೋಣೆಯ ಮೇಲೆ ಅಂಥ ಪ್ರೀತಿಯೇನಿರಲಿಲ್ಲ. ದಿನವೆಲ್ಲ ಮರಳು ಸುರಿಯುವುದಕ್ಕೂ ಸಂಬಳವೇ ಎಂದು ಛೇಡಿಸುತ್ತಿದ್ದರು. ಆ ವರ್ಷ ತಮಾಷೆ ಹೋಗಿ ಮಾತು ಗಟ್ಟಿಯಾಯಿತು. ಯಲಹಂಕದ ಕಡೆ ಸ್ವಂತ ಬಸ್ಸುಗಳನ್ನಿಟ್ಟು ಓಡಿಸುತ್ತಿದ್ದ ಸಾಹೇಬರೊಬ್ಬರು ನಮ್ಮ ಹೊಸ ಹಸಿರು ಬಣ್ಣ ಕೇಳಿದ್ದರು. ಅವರು ಪರೀಕ್ಷೆಯನ್ನು ಕಣ್ಣಾರೆ ನೋಡಿ ಒಪ್ಪಿದರೆ ಸರಿ. ಇಲ್ಲದಿದ್ದರೆ ನನ್ನ ಕೋಣೆ ಖಾಲಿ ಡಬ್ಬಿಗಳ ಗೋದಾಮು, ನಾನು ಮತ್ತೆ ಬಣ್ಣ ತುಂಬುವ ಶೆಡ್ಡಿಗೆ. ಮೊದಲು ಅಲ್ಲಿದ್ದಾಗ ನಾನು ತಿಂದ ಮುದ್ದೆಯೂ ಟರ್ಪೆಂಟೈನ್ ನಾರುತ್ತಿತ್ತು.

ಸಾಹೇಬರು ಬರುತ್ತೇನೆಂದದ್ದು ಆಯುಧಪೂಜೆಯ ದಿನ ಮಧ್ಯಾಹ್ನ. ಒಳ್ಳೆಯ ಮಾತಿಗೆ ಒಳ್ಳೆಯ ದಿನ ಎಂದಿದ್ದರಂತೆ. ಹಿಂದಿನ ದಿನವೇ ಎರಡು ತಗಡು ಮೇಜಿನ ಮೇಲೆ ಜೋಡಿಸಿಟ್ಟಿದ್ದೆ. ಒಂದಕ್ಕೆ ನಮ್ಮ ಬಣ್ಣ, ಇನ್ನೊಂದಕ್ಕೆ ಅವರ ಬಸ್ಸಿಗೆ ಅದುವರೆಗೂ ಬಳಿಯುತ್ತಿದ್ದ ಬಣ್ಣ.

ಬೆಳಿಗ್ಗೆ ಬಂದು ನೋಡುತ್ತೇನೆ, ಕೋಣೆ ಥಳಥಳ. ಕೊಳವೆಗೆ ವಿಭೂತಿ, ಜರಡಿಗೆ ಚೆಂಡುಹೂವು. ಬಾಗಿಲಿನ ಎರಡೂ ಕಡೆ ಬಾಳೆಕಂದು, ಅವನ್ನು ನೆಟ್ಟಿದ್ದ ಡಬ್ಬಿಗಳಲ್ಲಿ ನನ್ನ ಮರಳೆಲ್ಲ, ಬಾಳೆ ಬಾಡದಿರಲೆಂದು ಮೇಲೆ ಚೊಂಬುಗಟ್ಟಲೆ ನೀರು. ತಗಡುಗಳನ್ನೂ ಬಿಟ್ಟಿರಲಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಹಿತ್ತಾಳೆ ಪಾತ್ರೆಯಂತೆ ತಿಕ್ಕಿ ಕುಂಕುಮ ಇಟ್ಟಿದ್ದರು.

ಇದು ಶೆಡ್ಡಿನ ಹಿರಿಯ ಅಕ್ಕನ ಕೆಲಸ. ಪುಟ್ಟೇನಹಳ್ಳಿಯವರು, ಯಲಹಂಕದಿಂದ ರೈಲಿನಲ್ಲಿ ಬರುತ್ತಿದ್ದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಪಾಪ ಎನ್ನುವಂತೆ ನೋಡಿದರು.

“ಅಬ್ಬದ ದಿನ ಕೊಳೆ ಇಟ್ಕೊಂಡು ಪೂಜೆ ಮಾಡ್ತಾರೇನಪ್ಪಾ?”

ಒದ್ದೆ ಮರಳು ಕೊಳವೆಯಲ್ಲಿ ಇಳಿಯುವುದಿಲ್ಲ. ಬೇರೆಯದನ್ನು ತೊಳೆದು ಒಣಗಿಸೋಣವೆಂದರೆ ಹೊತ್ತಿಲ್ಲ, ಮೇಲೆ ಮೋಡ ಬೇರೆ. ಮಂಗಳಾರತಿಗೆ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರೆ ನಾನು ಶೆಡ್ಡಿನ ಕಡೆಗೇ ನೋಡುತ್ತಿದ್ದೆ.

ಸಾಹೇಬರು ಬಸ್ಸಿನಲ್ಲೇ ಬಂದಿಳಿದರು. ಅವರ ಬಸ್ಸಿಗೂ ಪೂಜೆಯಾಗಿ ಮುಂದುಗಡೆ ಸೇವಂತಿಗೆ ಹಾರ ತೂಗುತ್ತಿತ್ತು. ಯಜಮಾನರು ನನ್ನ ಕಡೆ ಕಣ್ಣು ಬಿಟ್ಟರು. ನಾನು ನಡೆದದ್ದನ್ನು ನಡೆದಂತೆ ಹೇಳಿಬಿಟ್ಟೆ. ಸಾಹೇಬರು ತಗಡುಗಳನ್ನು ಬೆಳಕಿಗೆ ಹಿಡಿದರು. ಅವರ ಹಳೆಯ ಬಣ್ಣದ ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ನಮ್ಮದು ಸ್ವಲ್ಪ ಮಂಕಾಗಿತ್ತು, ಅಷ್ಟೇ.

“ನಮ್ಮ ಬಸ್ ಮೇಲೆ ಮರಳು ಯಾವತ್ತೂ ಬಿದ್ದಿಲ್ಲ ಕಣ್ರೀ,” ಅಂದರು. “ವರ್ಷವರ್ಷ ಮೇಲೆ ಬೀಳೋರು ಈ ತಿಕ್ಕೋರೇ.”

ಆಮೇಲೆ ಅಂಗಿಯ ತೋಳು ಮಡಚಿ ಕುಕ್ಕರಗಾಲಲ್ಲಿ ಕುಳಿತು, ಅಕ್ಕನಿಂದ ನಾರು ಇಸಿದುಕೊಂಡು ನಮ್ಮ ತಗಡನ್ನು ತಾವೇ ತಿಕ್ಕತೊಡಗಿದರು. ಇನ್ನಷ್ಟು ಬೂದಿ ಕೇಳಿದರು. ಅಕ್ಕ ಧಾರಾಳವಾಗಿ ಕೊಟ್ಟರು. ನನಗಂತೂ ಆ ನಾರು ನನ್ನ ಬೆನ್ನ ಮೇಲೇ ಆಡುತ್ತಿದ್ದ ಹಾಗಿತ್ತು. ಕೊನೆಗೆ ನೀರು ಹುಯ್ದು ನೋಡಿದರೆ ಹಸಿರು ಹಸಿರಾಗಿಯೇ ಇತ್ತು. ಸಾಹೇಬರು ಬೆವರು ಒರೆಸಿಕೊಂಡು ಎದ್ದು, ತಮ್ಮ ಬಸ್ಸುಗಳಿಗೆಲ್ಲ ಇದನ್ನೇ ಬಳಿಸುವುದಾಗಿ ಯಜಮಾನರಿಗೆ ಮಾತು ಕೊಟ್ಟರು. ನನಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಪಾಲಿನ ಕಡ್ಲೆಪುರಿಯನ್ನೆಲ್ಲ ಅಕ್ಕನ ಮಡಿಲಿಗೆ ಸುರಿದೆ.

ಮರುವರ್ಷ ಹಬ್ಬ ಹತ್ತಿರ ಬಂದಾಗ ಬುದ್ಧಿ ಕಲಿತವನಂತೆ ಮರಳನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದೆ. ಕಾರ್ಖಾನೆಯ ಹಿಂದೆ ಬೇಕಾದಷ್ಟು ಮರಳಿದೆ, ಅದನ್ನೇ ತೆಗೆದುಕೊಳ್ಳಿ ಎಂದೆ. ಅಕ್ಕ ಒಪ್ಪಲಿಲ್ಲ.

“ಓದ್ ವರ್ಸದ್ದೇ ಕೊಡಪ್ಪಾ. ಬಾಳೆಕಂದು ಒಂದೇ ಅಲ್ಲ, ನಿನ್ ಕೋಣೆ ನಿಂತಿದ್ದೂ ಅದ್ರಲ್ಲೇ.”

ನಾನು ಜೇಬಿನಿಂದ ಬೀಗದ ಕೈ ತೆಗೆದೆ.